ಕಿಕ್ಕೇರಿಯ ಬೆಲ್ಲದ ಟೀ

ಚಿನಕುರಳಿ ಕಡೆ ಕಲ್ಲು ಕ್ವಾರಿ ನಡೆಸುವವರ ಒಬ್ಬಳೇ ಮಗಳು ನಾನು. ಅಪ್ಪನ ನೆರವು ಬೇಡ ಅಂತ ಹಟ ಹಿಡಿದು ಬೆಲ್ಲದ ಪುಡಿ ವ್ಯಾಪಾರ ಶುರು ಮಾಡಿದ್ದೆ. ಪಾಂಡವಪುರದ ಅಂಗಡಿಯವರೆಲ್ಲ ಕುರ್ಚಿ ಹಾಕಿ ಕೂರಿಸಿ, ರುಚಿಯನ್ನೂ ನೋಡದೆ ತಗೊಳ್ಳುತ್ತಿದ್ದರು. ಗೆದ್ದೆ ಅಂದುಕೊಂಡಿದ್ದೆ.

ಒಂದು ದಿನ, ನನ್ನ ಗುರುತೇ ಇಲ್ಲದ ಕಿಕ್ಕೇರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯ ಮುದುಕ ನನ್ನ ಪುಡಿ ಹಾಕಿ ಟೀ ಕುದಿಸಿದ. ಹಾಲು ಒಡೆದುಹೋಯಿತು.

"ಇದ್ನ ಯಾರವ್ವ ತಗತಾರೆ?" ಅಂದ.

"ಪಾಂಡವಪುರದಲ್ಲಿ ಎಲ್ಲರೂ ತಗೊಳ್ತಾರೆ."

"ತಗಂಡೋರು ಇನ್ನೊಂದ್ಸಲ ಕೇಳವ್ರಾ?"

ಯಾರೂ ಕೇಳಿರಲಿಲ್ಲ. ನಾನೇ ಹೋಗಿ ಇಳಿಸಿ ಬರುತ್ತಿದ್ದೆ.

ಮಾರನೇ ದಿನ ಪಾಂಡವಪುರದ ಅಂಗಡಿಯೊಂದರ ಹಿಂದಿನ ಕೋಣೆಗೆ ಹೋಗಿ ನೋಡಿದರೆ, ನನ್ನ ಪೊಟ್ಟಣಗಳು ಬಿಚ್ಚದೆ ಹಾಗೇ ಬಿದ್ದಿದ್ದವು. "ನಿಮ್ಮಪ್ಪಾರ ಮೊಕ ನೋಡಿ ಇಟ್ಕಂಡಿವ್ನಿ ಕಣವ್ವ, ಇರ್ಲಿ ಬುಡಿ" ಅಂದರು ಅಂಗಡಿಯವರು. ಅಷ್ಟು ಜನ ನಗುನಗುತ್ತಾ ಕೂರಿಸಿ ಟೀ ಕೊಟ್ಟಿದ್ದರು. ಅವರೆಲ್ಲ ಮಾತಾಡಿದ್ದು ಅಪ್ಪನ ಮಗಳ ಜೊತೆ, ಒಬ್ಬರೂ ನನ್ನ ಜೊತೆ ಮಾತಾಡಿರಲಿಲ್ಲ ಅಂತ ಆಗ ಗೊತ್ತಾಯಿತು.

ಆಮೇಲೆ ಎರಡು ತಿಂಗಳು, ನನ್ನ ಬೆಲ್ಲ ಮಾಡಿಸುತ್ತಿದ್ದ ಆಲೆಮನೆಯಲ್ಲೇ ನಿಂತೆ. ಬಣ್ಣಕ್ಕೆಂದು ಹಾಕುತ್ತಿದ್ದ, ಹಾಲು ಒಡೆಸುತ್ತಿದ್ದ ರಾಸಾಯನಿಕ ನಿಲ್ಲಿಸಿ, ಮತ್ತೆ ಮತ್ತೆ ಪಾಕ ತೆಗೆಸಿ, ಕಿಕ್ಕೇರಿಗೆ ಹೋದೆ. ಮುದುಕ ಕುದಿಸಿದ, ಕುಡಿದ, ಇನ್ನೊಂದು ಗುಟುಕು ಕುಡಿದ.

"ಐದು ಕೇಜಿ ಬುಟ್ಟೋಗವ್ವ."

ಆ ಖುಷಿ ಹೇಳಿಕೊಳ್ಳೋಕೆ ನನಗೊಬ್ಬ ಸ್ನೇಹಿತೆಯೂ ಇರಲಿಲ್ಲ. ಊಟಕ್ಕೆ ಕೂತಾಗ ಅಪ್ಪನಿಗೇ ಹೇಳಿದೆ.

"ಐದೇ ಕೇಜಿನಾ? ಯಾವನವ್ನು? ನಾನೊಂದು ಮಾತು ಹೇಳ್ತೀನಿ ಬುಡು" ಅಂದರು.

ಆ ಅಂಗಡಿ ಎಲ್ಲಿದೆ ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.