ಹಗಲಿನಲ್ಲಿ ಮುಚ್ಚಿದ ಬಾಗಿಲು

ಸಗಣಿ ತಟ್ಟಿ, ಹಾಲು ಹಿಂಡಿ ಅವಳ ಅಂಗೈ ಒರಟಾಗಿತ್ತು. ಅದರಿಂದ ಬಾಗಿಲು ಬಡಿದರೆ ಮೊದಲು ಹಸಿರು ಬಳೆಗಳು ಗಲಗಲ ಅನ್ನುತ್ತಿದ್ದವು, ಹಿಂದೆಯೇ ಕದ ನಡುಗುತ್ತಿತ್ತು. ಮರಾಠಿ ಗಡಿಯ ಸದಲಗಾದ ನಮ್ಮ ಓಣಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ; ನಮಗೆ ಎದುರುಮನೆಯವಳು. ದಿನಾ ಮಧ್ಯಾಹ್ನ ತನ್ನ ಎಮ್ಮೆಗೆಂದು ಮನೆಮನೆಯ ಕಾಯಿಪಲ್ಲೆ ಸಿಪ್ಪೆ ಒಯ್ಯಲು ಬಕೆಟ್ಟು ಹಿಡಿದು ಬರುತ್ತಿದ್ದಳು. ನೇರ ಒಲೆಯ ತನಕ ಬಂದು, ಪಾತ್ರೆಯ ಮುಚ್ಚಳ ತೆಗೆದು, "ಇವತ್ತೂ ಬದನೀಕಾಯೇನ್ರಿ?" ಎನ್ನುವಳು. ಹಗಲಿನಲ್ಲಿ ಯಾರಾದರೂ ಬಾಗಿಲು ಹಾಕಿಕೊಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ನಿವೃತ್ತ ಶಿಕ್ಷಕಿಯಾದ ನನ್ನ ಅವ್ವ ಎಷ್ಟೋ ಸಲ ಗೊಣಗಿದ್ದಳು: "ಈಕಿ ಕಾಲಾಗ ಮನ್ಯಾಗ ಒಂದ ಗುಟ್ಟ ಉಳಿಯೂದಿಲ್ಲ."

ಒಂದು ಮಧ್ಯಾಹ್ನ ಅವ್ವನಿಗೆ ವಿಡಿಯೋ ಕರೆ ಬಂತು. ಪೊಲೀಸ್ ಸಮವಸ್ತ್ರದವನೊಬ್ಬ ಹಿಂದಿಯಲ್ಲಿ ಗದರಿದ. ಅವ್ವನ ಆಧಾರ್ ಸಂಖ್ಯೆಯ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆಯಂತೆ. ಅವಳೀಗ 'ಡಿಜಿಟಲ್ ಅರೆಸ್ಟ್' ಅಂತೆ. ಬಾಗಿಲು ಹಾಕಬೇಕು, ಯಾರಿಗೂ ಹೇಳಬಾರದು, ನಿವೃತ್ತಿಯ ಹಣವನ್ನೆಲ್ಲ ತಾನು ಹೇಳಿದ ಖಾತೆಗೆ ಹಾಕಬೇಕು. ಇಲ್ಲವಾದರೆ ಮಗಳನ್ನೂ ಒಯ್ಯುತ್ತೇವೆ ಎಂದು ನನ್ನ ಹೆಸರು ಹೇಳಿದ. ಇಂಥ ಮೋಸಗಳ ಸುದ್ದಿ ಓದಿದ್ದೆ. ಆದರೆ ನನ್ನ ಹೆಸರು ಕಿವಿಗೆ ಬಿದ್ದೊಡನೆ ಓದಿದ್ದೆಲ್ಲ ಹಾರಿಹೋಯಿತು. ಎದ್ದುಹೋಗಿ ಮುಂಬಾಗಿಲ ಚಿಲಕ ಹಾಕಿದೆ. ಆ ಕಬ್ಬಿಣದ ತಣುಪು ಈಗಲೂ ಬೆರಳಲ್ಲಿದೆ. ಅವ್ವ ತನ್ನ ಬ್ಯಾಂಕ್ ಆ್ಯಪ್ ಇದ್ದ ನನ್ನ ಮೊಬೈಲ್ ಇಸಿದುಕೊಂಡು ಖಾತೆ ಸಂಖ್ಯೆ ಒತ್ತತೊಡಗಿದಳು.

ಅಷ್ಟರಲ್ಲಿ ಬಳೆ ಸದ್ದಾಯಿತು. ಕದ ನಡುಗಿತು.

"ಅಕ್ಕಾರ! ಹಾಡಹಗಲ ಬಾಗ್ಲಾ ಯಾಕ ಹಾಕೀರಿ? ಆರಾಮ ಅದೀರಿಲ್ಲೋ?"

ಉತ್ತರ ಕೊಡಬೇಡಿ ಎಂದು ಅವನು ಪಿಸುಗುಟ್ಟಿದ. ಬಾಗಿಲ ಸದ್ದು ನಿಂತಿತು. ಹೋದಳು ಅಂದುಕೊಳ್ಳುವಷ್ಟರಲ್ಲಿ ಮಾವಶಿ ಹಿತ್ತಲು ಸುತ್ತಿ ಅಡುಗೆಮನೆಯಿಂದ ಬಂದೇಬಿಟ್ಟಳು. ಅವ್ವನ ಮುಖ ನೋಡಿದಳು, ಮೊಬೈಲ್ ನೋಡಿದಳು. ಆ ಹೆಂಗಸನ್ನು ಹೊರಗೆ ಕಳಿಸಿ ಎಂದು ಅವನು ಅರಚಿದ.

ಮಾವಶಿ ಅವನೆದುರು ಚಕ್ಕಳಮಕ್ಕಳ ಹಾಕಿ ಕೂತು, ಮರಾಠಿ ಬೆರೆಸಿ ಕೇಳಿದಳು: "ಕಾಯ್ ರೇ, ಯಾವ ಠಾಣೇದಾಂವ ನೀ? ಅಕ್ಕಾರನ್ನ ಹಿಡಿಯೂದಿದ್ರ ಇಲ್ಲೇ ಬಾ. ಚಾ ಮಾಡ್ತೀವಿ. ಬಾಗ್ಲಾ ತೆರದೈತಿ."

ಅಂದವಳೇ ಚಿಲಕ ತೆಗೆದು, ಅವನನ್ನು ಮೊಬೈಲ್ ಸಮೇತ ಕಟ್ಟೆಗೆ ಒಯ್ದಳು. "ಬರ್ರೇ ಎಲ್ಲಾರೂ! ಪೊಲೀಸ ಸಾಹೇಬ ಡಬ್ಬ್ಯಾಗ ಕುಂತ ಬಂದಾನ!"

ಓಣಿಯ ಹೆಂಗಸರೆಲ್ಲ ಮುಖ ತೂರಿಸಿದರು. "ಟೊಪ್ಪಿಗಿ ದೊಡ್ಡದಾಗೈತಿ ನೋಡವಾ ಇವಂಗ," ಎಂದಳೊಬ್ಬಳು. ನಗೆ ಎದ್ದಿತು. ಪರದೆ ಕಪ್ಪಾಯಿತು.

ಹಣ ಹೋಗಿರಲಿಲ್ಲ. ಚಿಕ್ಕೋಡಿಯ ಠಾಣೆಗೆ ಹೋಗಿ ದೂರು ಕೊಟ್ಟಾಗ, 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ ಎಂದರು. ಅದನ್ನು ಮಾವಶಿಗೆ ಹೇಳಿದೆ. ಅವಳಿಗೆ ಕಾನೂನು ಬೇಕಿರಲಿಲ್ಲ. "ಬಾಗ್ಲಾ ಹಾಕ್ಕೋ, ಯಾರಿಗೂ ಹೇಳಬ್ಯಾಡ ಅಂದನಲ್ಲ, ಅಲ್ಲೇ ತಿಳೀಬೇಕವಾ. ಅದಿರ್ಲಿ, ಸಿಪ್ಪಿ ಎಲ್ಲೈತಿ?"

ಹೋದ ಚಳಿಗಾಲದಲ್ಲಿ ಮಾವಶಿ ತೀರಿಕೊಂಡಳು. ಅವ್ವ ಇವತ್ತಿಗೂ ಸಿಪ್ಪೆಯನ್ನು ಬೇರೆ ತೆಗೆದಿಟ್ಟು, ಆಮೇಲೆ ನೆನಪಾಗಿ ಕಸದ ಬುಟ್ಟಿಗೆ ಸುರಿಯುತ್ತಾಳೆ.

ಮೊನ್ನೆ ಮತ್ತೆ ಅಂಥದೇ ಕರೆ ಬಂತು. ಬೇರೆ ಮುಖ, ಅದೇ ಗದರಿಕೆ. ನನ್ನ ಕಣ್ಣು ಚಿಲಕದತ್ತ ಹೋಯಿತು. ಅವ್ವ ಎದ್ದಳು. ಮೊಬೈಲ್ ಹಿಡಿದು ಕಟ್ಟೆಗೆ ನಡೆದಳು. ಶಾಲೆಯಲ್ಲೂ ಎಂದೂ ಏರಿಸದಿದ್ದ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಇಲ್ಲೇ ಬಾರೋ. ಚಾ ಮಾಡ್ತೀವಿ. ಬಾಗ್ಲಾ ತೆರದೈತಿ!"