ಸುಬೇದಾರರ ಕೊಟ್ಟಿಗೆ

ಬೆಳಕು ಹರಿಯುವ ಮೊದಲೇ ಸುರೇಬಾನದ ನಿವೃತ್ತ ಸುಬೇದಾರ ಲಕ್ಕಪ್ಪನವರು ಸೆಗಣಿ ಬಳಿದು, ಎಮ್ಮೆಗಳಿಗೆ ಕಣಕಿ ಹಾಕಿ, ಹಿಂಡಿ ನೆನೆಸಿ, ಹೆಂಡತಿ ಸುಂದರವ್ವನ ಸೆಟೆದ ಬೆರಳುಗಳಿಗೆ ಬಿಸಿ ಎಣ್ಣೆ ತಿಕ್ಕಿರುತ್ತಾರೆ. ಈ ಇಳಿವಯಸ್ಸಿನಲ್ಲೂ ಅವರಿಗೆ ಎಮ್ಮೆಗಳು ಸಾಲಾಗಿ ನಿಲ್ಲಬೇಕು; ಬಾಲ ಬೀಸಿದವಳಿಗೆ, "ಶಿಸ್ತು ಐತೇನು ನಿನಗ?" ಎಂಬ ಗದರಿಕೆ. "ನಿಮ್ಮ ಪಲ್ಟಣ ಮೊದ್ಲ ಮೇವು ತಿನ್ನಲಿ, ಆಮ್ಯಾಲ ಸಲಾಂ ಹೊಡಿತೈತಿ" ಎಂದು ಸುಂದರವ್ವ ಒಳಗಿನಿಂದಲೇ ಚುಚ್ಚುತ್ತಾಳೆ. ಹಾಲು ಹಿಂಡುವಾಗ ಮಾತ್ರ ಅವರು ಕೊಟ್ಟಿಗೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಅವರು ಗಡಿ ಕಾಯುತ್ತಿದ್ದಷ್ಟು ವರ್ಷವೂ, ಊರಿಗೆ ಮರಳಿದ ಮೇಲೂ ಈ ಎಮ್ಮೆಗಳ ಅಜ್ಜಿಯರನ್ನು, ತಾಯಂದಿರನ್ನು, ಆಮೇಲೆ ಇವನ್ನೂ ಹಿಂಡಿದವಳು ಸುಂದರವ್ವ; ಅದಕ್ಕೆ ಪದಕವೂ ಇಲ್ಲ, ಪಿಂಚಣಿಯೂ ಇಲ್ಲ. ಈಗ ಅವಳ ಬೆರಳು ಮಡಚುವುದಿಲ್ಲ, ಎಮ್ಮೆಗಳೋ ಅವಳ ವಾಸನೆಯಿಲ್ಲದೆ ಹಾಲು ಬಿಡುವುದಿಲ್ಲ. ಹಾಗಾಗಿ ಸುಬೇದಾರರು ಅವಳ ಹಳೆಯ ಇಳಕಲ್ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ಕೂರುತ್ತಾರೆ. ಗೊತ್ತಾದರೆ ಸಲಾಂ ಹೊಡೆಯುವ ಊರೇ ನಕ್ಕೀತೆಂಬ ಅಂಜಿಕೆ. ಇಂದು ಗಣರಾಜ್ಯೋತ್ಸವದ ಧ್ವಜ ಹಾರಿಸಲು ಅವರನ್ನು ಕರೆಯಲು ಬೇಗನೆ ಬಂದ ಹೆಡ್‌ಮಾಸ್ತರರು, ಒಳಗೆ ಹಾಲು ಕರೆಯುವ ಸದ್ದು ಕೇಳಿ, "ಅಕ್ಕಾರು ಇನ್ನೂ ಗಟ್ಟಿ ಅದಾರ ನೋಡ್ರಿ" ಎಂದು ಜೊತೆಯವರಿಗೆ ಹೇಳಿದರು. ಸದ್ದು ನಿಂತಿತು. ಸುಬೇದಾರರ ಕೈ ಸೀರೆಯ ಗಂಟಿಗೆ ಹೋಯಿತು, ಬಿಚ್ಚಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದರು. "ಹಿಂಡಾಂವ ನಾನು, ಮಾಸ್ತರ. ಇನ್ನೊಂದು ಎಮ್ಮಿ ಐತಿ, ಕುಂಡ್ರಿ."