ಗಿರಿಜೆಯ ಬೆನ್ನು

ಕಳೆದ ವರ್ಷ ದೀಪಾವಳಿ ಕಳೆದ ಮೇಲಿನ ಮಾತು. ನಮ್ಮ ಸಾಸ್ತಾನದ ಕಡೆ ಆರೋಗ್ಯದ ಅಧ್ಯಯನ ಎಂದು ಮನೆಮನೆಗೆ ಬಂದವರ ಪಟ್ಟಿಯಲ್ಲಿ ನನ್ನ ಮತ್ತು ಹೆಂಡತಿ ಗಿರಿಜೆಯ ಹೆಸರು ಬಂತು. ವಯಸ್ಸಾಗುತ್ತ ಮನುಷ್ಯನ ಶರೀರ ಒಳಗೆ ಹೇಗೆ ಬದಲಾಗುತ್ತದೆಂದು ತಿಳಿಯಲು ಸಾವಿರಾರು ಜನರನ್ನು ನೆತ್ತಿಯಿಂದ ಅಂಗಾಲಿನವರೆಗೆ ಸ್ಕ್ಯಾನ್ ಮಾಡುತ್ತಾರಂತೆ. ಕಾಯಿಲೆ ಇಲ್ಲದವರೂ ಬೇಕಂತೆ.

"ಹ್ವಾಯ್, ಸೀಕಿಲ್ದೆ ಆಸ್ಪತ್ರಿಗ್ ಹೋಪರ್ ನೀವೊಬ್ರೇ ಕಾಣಿ," ಎಂದು ನೆರೆಮನೆಯ ಶೀನ ನಕ್ಕ.

"ಗಟ್ಟಿ ಇದ್ದರ್ನೇ ಕರೂದ್ ಮಾರಾಯಾ. ನಿನ್ನ ಯಾರ್ ಕರೀತ್ರ್?" ಎಂದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕಲ್ಲು ಕಟ್ಟುವ ಕೆಲಸಕ್ಕೆ ಹೋದವನು. ನಮ್ಮ ಕೆಂಪುಕಲ್ಲಿನ ಮನೆಯನ್ನು ಒಂದು ಆಳೂ ಹಿಡಿಯದೆ ನಾನೊಬ್ಬನೇ ಕಟ್ಟಿದ್ದು ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಫಾರಂ ಹಿಡಿದು, ಹಿಂದೆ ಬಿದ್ದು ಪೆಟ್ಟಾಗಿತ್ತೇ ಎಂದು ಕೇಳಿದಳು. "ನಮ್ಮಿಬ್ರಿಗೂ ಎಂತ ಆಯ್ಲಿಲ್ಲೆ, ಬರ್ಕಣಿ," ಎಂದು ನಾನೇ ಹೇಳಿದೆ. ಸ್ಕ್ಯಾನಿಗೆ ಚಿನ್ನ ಹಾಕಿಕೊಳ್ಳಬಾರದೆಂದು ಗಿರಿಜೆ ಕರಿಮಣಿ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಮೂರು ವಾರಕ್ಕೆ ಫೋನ್ ಬಂತು. ಹೆಂಡತಿಯನ್ನು ಕರೆದುಕೊಂಡು ಬನ್ನಿ, ಡಾಕ್ಟರಿಗೆ ಮಾತಾಡಲಿಕ್ಕಿದೆ ಎಂದರು. ಬಸ್ಸಿನಲ್ಲಿ ಗಿರಿಜೆ, "ಹೆದ್ರ್ಕಣ್ಬೇಡಿ," ಎಂದಳು. "ಹೆದ್ರ್ಕಂಬ್ದ್ ಯಾರ್?" ಎಂದು ಗದರಿದೆ. ಏನೇ ಇದ್ದರೂ ಅದು ನನಗಿರಲಿ, ಇವಳಿಗೆ ಬೇಡ ಎಂದು ಮನಸ್ಸಿನಲ್ಲಿ ಎಷ್ಟು ದೇವರಿಗೆ ಹರಕೆ ಹೇಳಿಕೊಂಡೆನೋ.

ಡಾಕ್ಟರಮ್ಮ, "ಗಾಬರಿ ಪಡುವಂಥದ್ದೇನೂ ಇಲ್ಲ," ಎಂದು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಗಿರಿಜೆಯ ಬೆನ್ನುಮೂಳೆ. ಕಲ್ಲು ಇಟ್ಟ ಹಾಗೆ ಒಂದರ ಮೇಲೊಂದು. ಸೊಂಟದ ಮೇಲಿನದು ಒಂದು ಮಾತ್ರ ಜಜ್ಜಿ ಚಪ್ಪಟೆಯಾಗಿತ್ತು. ಕಲ್ಲು ಕಟ್ಟುವವನಿಗೆ ಅದನ್ನು ಯಾರೂ ತೋರಿಸಬೇಕಿರಲಿಲ್ಲ.

"ಇದು ಹಳೆಯ ಮುರಿತ, ತಾನಾಗಿಯೇ ಕೂಡಿಕೊಂಡಿದೆ. ಯಾವಾಗ ಬಿದ್ದಿರಿ ಅಮ್ಮ?"

ಗಿರಿಜೆ ಸೆರಗಿನ ತುದಿ ಸುತ್ತುತ್ತ, "ಮನಿ ಕಟ್ಟುವತಿಗೆ. ಕಲ್ಲ್ ಹೊತ್ಕಂಡ್ ಹಲ್ಗಿಯಿಂದ ಜಾರ್ದೆ. ಇವ್ರ್ ಕೆಲ್ಸಕ್ ಹೋಯಿದ್ರ್," ಎಂದಳು.

ಇಪ್ಪತ್ತೆರಡು ವರ್ಷದ ಹಿಂದಿನದು. ಆಗ ಕೆಲವು ದಿನ ಅವಳು ನಿಂತುಕೊಂಡೇ ಊಟ ಮಾಡುತ್ತಿದ್ದಳು. "ರಾಣಿ ಹಾಂಗೆ ನಿಂತ್ರೆ ಗೋಡೆ ಏಳತ್ತಾ?" ಎಂದು ನಾನು ಮೂದಲಿಸಿದ್ದೂ, ಅವಳು ಹೋಗಿ ಮತ್ತೊಂದು ಕಲ್ಲು ಎತ್ತಿದ್ದೂ ನೆನಪಾಯಿತು.

ಹೊರಗೆ ಬಂದು, "ಎಂತಕ್ ಹೇಳ್ಲಿಲ್ಲೆ?" ಎಂದೆ.

"ಹೇಳಿರೆ ನೀವ್ ಕೆಲ್ಸ ನಿಲ್ಸ್ತಿದ್ರಿ. ಮಳ್ಗಾಲ ಎದ್ರಿಗಿತ್ತ್. ಮನಿಗ್ ಹಂಚಿನ ಮಾಡೇ ಹಾಕಿರ್ಲಿಲ್ಲೆ."

ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಈಗ ಬಾವಿಯಿಂದ ಕೊಡ ತರುವುದು ನಾನೇ. ನೀರು ಚೆಲ್ಲಿದ್ದಕ್ಕೆ ಬೈಸಿಕೊಳ್ಳುವುದೂ ನಾನೇ. ಕೊಡ ಎತ್ತುವಾಗಲೆಲ್ಲ ಆ ಚಪ್ಪಟೆ ಮೂಳೆ ಕಣ್ಣಿಗೆ ಬರುತ್ತದೆ.

ಮೊನ್ನೆ ಶೀನ ಮಗಳ ಗಂಡನನ್ನು ಕರೆದುಕೊಂಡು ಬಂದ. "ಈ ಮನಿ ಇವ್ರ್ ಒಬ್ರೇ ಕಟ್ಟದ್ದ್ ಕಾಣಿ," ಎಂದು ಅಳಿಯನಿಗೆ ಗೋಡೆ ತಟ್ಟಿ ತೋರಿಸಿದ.

"ಒಬ್ಬ ಅಲ್ಲ ಮಾರಾಯಾ, ಇಬ್ರ್," ಎಂದೆ.

ಒಳಗೆ ಗಿರಿಜೆ ಪಾತ್ರೆ ತೊಳೆಯುತ್ತಿದ್ದ ಸದ್ದು ಸ್ವಲ್ಪ ಹೊತ್ತು ನಿಂತಿತು.